ಮೊದಲು ಹಬೆ, ಆಮೇಲೆ ಬಣ್ಣ: ಉಳಿದ ಸಾಸೇಜ್ ಬಿಸಿ ಮಾಡುವುದನ್ನು ನಾನು ಕಲಿತ ಬಗೆ

ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕ್‌ನಲ್ಲಿ ನಮ್ಮ ಮನೆ. ಮಹಡಿಯ ಮೇಲಿನ ಎರಡು ರೂಮಿನಲ್ಲಿ ಮೆಡಿಕಲ್ ಓದುವ ಮೂವರು ಹುಡುಗಿಯರಿದ್ದಾರೆ, ರಾತ್ರಿ ಊಟ ನಮ್ಮಲ್ಲೇ. ಭಾನುವಾರ ಚಿಕನ್ ಸಾಸೇಜ್ ಮಾಡುತ್ತೇನೆ. ಡ್ಯೂಟಿ ಮುಗಿಸಿ ಒಬ್ಬಳು ಎಂಟಕ್ಕೆ ಬಂದರೆ ಇನ್ನೊಬ್ಬಳು ಬರುವುದು ಹನ್ನೊಂದಕ್ಕೆ. ಹಾಗಾಗಿ ಸಾಸೇಜ್ ಬೇಯಿಸುವುದಕ್ಕಿಂತ ಬೇಯಿಸಿಟ್ಟದ್ದನ್ನು ಮತ್ತೆ ಬಿಸಿ ಮಾಡುವುದೇ ನನಗೆ ದೊಡ್ಡ ಕೆಲಸ.

ಮೊದಲ ವರ್ಷ ನನಗೆ ಅದು ಬರುತ್ತಿರಲಿಲ್ಲ. ಹಂಚು ಚೆನ್ನಾಗಿ ಕಾಯಿಸಿ, ಎಣ್ಣೆ ಬಿಟ್ಟು, ಫ್ರಿಜ್‌ನಿಂದ ತೆಗೆದದ್ದನ್ನು ಹಾಗೇ ಹಾಕಿಬಿಡುತ್ತಿದ್ದೆ. ಎರಡೇ ನಿಮಿಷಕ್ಕೆ ಹೊರಗೆಲ್ಲ ಕಂದುಬಣ್ಣ, ಘಮಘಮ. ಒಂದು ರಾತ್ರಿ ಹನ್ನೊಂದರ ಹುಡುಗಿ ಅರ್ಧ ತಿಂದು, "ಅಕ್ಕಾ, ಹೊಟ್ಟೆ ತುಂಬ್ತು" ಅಂತ ಕೈ ತೊಳೆದಳು. ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ ಅಂತ ನನಗೆ ಗೊತ್ತಿತ್ತು. ತಟ್ಟೆಯಲ್ಲಿ ಉಳಿದಿದ್ದನ್ನು ಮುರಿದು ಮುಟ್ಟಿದೆ. ಒಳಗೆ ಫ್ರಿಜ್‌ನಷ್ಟೇ ತಣ್ಣಗಿತ್ತು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ನಮ್ಮೂರಿನ ಬೆಣ್ಣೆ ದೋಸೆಗೆ ಕಾದ ಹಂಚೇ ಬೇಕು, ಹಿಟ್ಟು ತೆಳ್ಳಗಿರುತ್ತದೆ, ಬಿಸಿ ಕ್ಷಣದಲ್ಲಿ ತಲುಪುತ್ತದೆ. ಸಾಸೇಜ್ ಹೆಬ್ಬೆರಳು ಗಾತ್ರ. ಮೇಲೆ ತೆಳು ಸಿಪ್ಪೆ, ಒಳಗೆ ರುಬ್ಬಿದ ಮಾಂಸ, ಕೊಬ್ಬು, ನೀರು. ಉರಿ ಜೋರಾದರೆ ಸಿಪ್ಪೆ ಬಿಗಿದುಕೊಳ್ಳುತ್ತದೆ, ಅದರಡಿಯ ನೀರು ಹಬೆಯಾಗಿ ಸಿಪ್ಪೆ ಸೀಳಿಕೊಂಡು ಹೊರಬರುತ್ತದೆ, ಜೊತೆಗೇ ಕೊಬ್ಬೂ ಸೋರುತ್ತದೆ. ಅಷ್ಟಾದರೂ ನಡುಭಾಗಕ್ಕೆ ಬಿಸಿ ಇನ್ನೂ ಮುಟ್ಟಿರುವುದಿಲ್ಲ. ಇಡೀ ತುಂಡು ಮಾಂಸದಲ್ಲಿ ಸೂಕ್ಷ್ಮಾಣುಗಳು ಹೆಚ್ಚಾಗಿ ಮೇಲ್ಮೈಯಲ್ಲೇ ಇರುತ್ತವೆ. ರುಬ್ಬಿದ ಮಾಂಸದಲ್ಲಿ ಹೊರಗಿನದ್ದೆಲ್ಲ ಒಳಗೂ ಸೇರಿರುತ್ತದೆ. ಅದಕ್ಕೇ ನಡುಭಾಗ ಬಿಸಿಯಾಗದ ಸಾಸೇಜನ್ನು ನಾನು ಈಗ ಯಾರ ತಟ್ಟೆಗೂ ಹಾಕುವುದಿಲ್ಲ.

ಈಗ ಮಾಡುವುದು ಹೀಗೆ. ದಪ್ಪ ತಳದ ಬಾಣಲೆಯಲ್ಲಿ ಸಾಸೇಜ್‌ಗಳನ್ನು ಒಂದರ ಮೇಲೊಂದು ಬೀಳದಂತೆ ಜೋಡಿಸಿ ಎರಡು-ಮೂರು ಚಮಚ ನೀರು ಹಾಕುತ್ತೇನೆ, ತಳ ಒದ್ದೆಯಾಗುವಷ್ಟು. ಮುಳುಗುವಷ್ಟು ನೀರು ಹಾಕಿದರೆ ರುಚಿಯೆಲ್ಲ ನೀರಿಗೇ ಹೋಗುತ್ತದೆ. ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಆರೇಳು ನಿಮಿಷ, ನಡುವೆ ಒಮ್ಮೆ ಇಕ್ಕಳದಿಂದ ಹೊರಳಿಸಿ. ಫೋರ್ಕ್ ಚುಚ್ಚಬೇಡಿ, ಒಂದೊಂದು ತೂತೂ ರಸ ಸೋರುವ ದಾರಿ. ನೀರು ಅಷ್ಟರಲ್ಲೇ ಆರಿದರೆ ಇನ್ನೊಂದು ಚಮಚ ಹಾಕಿ.

ಆಮೇಲೆ ಮುಚ್ಚಳ ತೆಗೆದು ಕಿವಿ ಕೊಡಬೇಕು. ನೀರಿರುವ ತನಕ ಗುಳುಗುಳು ಅನ್ನುತ್ತದೆ. ನೀರು ಪೂರ್ತಿ ಆರಿದ ಕೂಡಲೇ ಶಬ್ದ ಚುರ್ ಅಂತ ತಿರುಗುತ್ತದೆ. ಆಗ ಅರ್ಧ ಚಮಚ ಬೆಣ್ಣೆ ಹಾಕಿ, ಒಂದೆರಡು ನಿಮಿಷ ಉರುಳಾಡಿಸಿದರೆ ಸಿಪ್ಪೆ ಮತ್ತೆ ಗರಿಯಾಗುತ್ತದೆ. ಬೆಣ್ಣೆಯನ್ನು ಮೊದಲೇ ಹಾಕಿದರೆ ಅದರಲ್ಲಿರುವ ಹಾಲಿನಂಶ ತಳ ಹಿಡಿದು ಕಹಿಯಾಗುತ್ತದೆ, ಅದನ್ನೂ ಮಾಡಿ ನೋಡಿದ್ದೇನೆ.

ಒಳಗೆ ಬಿಸಿಯಾಗಿದೆಯೋ ಇಲ್ಲವೋ ಅಂತ ಬಣ್ಣ ನೋಡಿ ಹೇಳುವುದಕ್ಕಾಗುವುದಿಲ್ಲ. ಅಂಗಡಿಯ ಎಷ್ಟೋ ಸಾಸೇಜ್‌ಗಳಿಗೆ ನೈಟ್ರೈಟ್ ಅನ್ನುವ, ಮಾಂಸ ಕೆಡದಂತೆ ಕಾಯುವ ಲವಣ ಹಾಕಿರುತ್ತಾರೆ, ಅವು ಪೂರ್ತಿ ಬೆಂದರೂ ಗುಲಾಬಿಯಾಗೇ ಇರುತ್ತವೆ. ಹುಡುಗಿಯರಲ್ಲೊಬ್ಬಳು ಅಡುಗೆ ಥರ್ಮಾಮೀಟರ್ ತಂದುಕೊಟ್ಟಳು, ನಡುಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು ಅಂತ ತೋರಿಸಿಕೊಟ್ಟಳು. ಅದಿಲ್ಲದವರು ಎಲ್ಲಕ್ಕಿಂತ ದಪ್ಪದ್ದನ್ನು ನಡುವೆ ಕತ್ತರಿಸಲಿ. ಅಲ್ಲಿಂದ ಹಬೆ ಏಳಬೇಕು.

ಮೂವರೂ ಒಟ್ಟಿಗೆ ಬಂದ ದಿನ ಇಡ್ಲಿ ಪಾತ್ರೆಯೇ ಸಲೀಸು. ತಟ್ಟೆಯಲ್ಲಿಟ್ಟು ಹತ್ತು ನಿಮಿಷ ಹಬೆ ಕೊಟ್ಟು, ಹಂಚಿನ ಮೇಲೆ ಬಣ್ಣ ಬರಿಸಿದರೆ ಆಯಿತು. ಗ್ರೇವಿಯಲ್ಲಿರುವುದಾದರೆ ಗ್ರೇವಿ ಸಮೇತ ಕುದಿಸಿ.

ಮೈಕ್ರೋವೇವ್ ನನಗೆ ಅಷ್ಟು ಇಷ್ಟವಿಲ್ಲ, ಆದರೆ ಮಹಡಿಯ ಮೇಲೆ ಅದೇ ಇರುವುದು. ಇಡೀ ಸಾಸೇಜ್ ಇಟ್ಟರೆ ಸಿಡಿಯುತ್ತದೆ, ಒಂದು ತುದಿ ಕಲ್ಲಾಗಿ ಇನ್ನೊಂದು ತಣ್ಣಗಿರುತ್ತದೆ. ಉದ್ದಕ್ಕೆ ಸೀಳಿ, ಒದ್ದೆ ಟಿಶ್ಯೂ ಮುಚ್ಚಿ, ಅರ್ಧ ಪವರ್‌ನಲ್ಲಿ 30 ಸೆಕೆಂಡಿಗೊಮ್ಮೆ ತಿರುಗಿಸಿ. ಕೊನೆಗೆ ಒಂದು ನಿಮಿಷ ಹಾಗೇ ಬಿಟ್ಟರೆ ಬಿಸಿ ಎಲ್ಲ ಕಡೆ ಹರಡುತ್ತದೆ.

ಎತ್ತಿಡುವುದರಲ್ಲಿ ತಪ್ಪಿದರೆ ಇದ್ಯಾವುದೂ ಕೈಹಿಡಿಯುವುದಿಲ್ಲ. ಬೇಯಿಸಿದ ಮೇಲೆ ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಅಡುಗೆಮನೆ ಒಲೆ ಹಚ್ಚದೆಯೂ ಕಾದಿರುತ್ತದೆ, ಆಗ ಒಂದೇ ಗಂಟೆ. ಆಳದ ಡಬ್ಬಿಯಲ್ಲಿ ತುಂಬಿದರೆ ನಡುವಿನದ್ದು ಬೇಗ ತಣಿಯುವುದಿಲ್ಲ, ಅಗಲ ಸ್ಟೀಲ್ ಡಬ್ಬಿಯಲ್ಲಿ ಒಂದೇ ಸಾಲು ಇಡುತ್ತೇನೆ. ಮುಚ್ಚಳಕ್ಕೆ ಪಟ್ಟಿ ಅಂಟಿಸಿ ವಾರ ಬರೆಯುತ್ತೇನೆ: ಭಾನುವಾರದ್ದು ಬುಧವಾರಕ್ಕೆ ಮುಗಿಯಬೇಕು. ಕರೆಂಟ್ ಹೋದರೆ ಫ್ರಿಜ್ ಬಾಗಿಲು ತೆಗೆಯಬಾರದು, ಮುಚ್ಚಿದ್ದರೆ ಸುಮಾರು ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ. ಒಮ್ಮೆ ಬಿಸಿ ಮಾಡಿದ್ದನ್ನು ಮತ್ತೆ ಫ್ರಿಜ್‌ಗೆ ಇಡುವುದಿಲ್ಲ, ಎಷ್ಟು ತಿನ್ನುತ್ತಾರೋ ಅಷ್ಟೇ ತೆಗೆಯುತ್ತೇನೆ. ಫ್ರೀಜರ್‌ನಲ್ಲಿದ್ದರೆ ಹಿಂದಿನ ರಾತ್ರಿಯೇ ಕೆಳಗಿನ ಅರೆಗೆ ಇಳಿಸುತ್ತೇನೆ, ಕಟ್ಟೆಯ ಮೇಲೆ ಬಿಟ್ಟು ಕರಗಿಸುವುದಿಲ್ಲ.

ನನ್ನ ತಂಗಿ ಹೆರಿಗೆಗೆ ಬಂದಿದ್ದಾಗ ಈ ವಿಷಯದಲ್ಲಿ ತುಂಬ ಎಚ್ಚರ ವಹಿಸಿದೆ. ಲಿಸ್ಟೀರಿಯಾ ಅನ್ನುವ ಬ್ಯಾಕ್ಟೀರಿಯಾ ಫ್ರಿಜ್‌ನ ತಂಪಿನಲ್ಲೂ ಬೆಳೆಯುತ್ತದೆ, ಬಸುರಿಯರಿಗೆ, ಹೊಟ್ಟೆಯಲ್ಲಿರುವ ಮಗುವಿಗೆ ಅದು ಅಪಾಯ. ಪ್ಯಾಕೆಟ್ ಮೇಲೆ ಬೆಂದದ್ದು ಅಂತ ಬರೆದಿದ್ದರೂ ಹಬೆಯಾಡುವಂತೆ ಬಿಸಿ ಮಾಡದೆ ಅವಳಿಗೆ ಕೊಡಲಿಲ್ಲ.

ಈಗ ಹನ್ನೊಂದರ ಹುಡುಗಿ ನನ್ನನ್ನು ಏಳಿಸುವುದಿಲ್ಲ. ತಾನೇ ಡಬ್ಬಿ ತೆಗೆದು, ನೀರು ಹಾಕಿ, ಮುಚ್ಚಿ ನಿಲ್ಲುತ್ತಾಳೆ. ಮೊನ್ನೆ ನನಗೆ ಎಚ್ಚರವೇ ಇತ್ತು. ಅಡುಗೆಮನೆಯಿಂದ ಮೆಲ್ಲಗೆ ಕೇಳಿಸಿತು: "ಅಕ್ಕಾ, ಶಬ್ದ ತಿರುಗ್ತು. ಬೆಣ್ಣೆ ಹಾಕ್ಲಾ?"