ಕನ್ನಡ ಮಾಧ್ಯಮದ ಸರ್ಟಿಫಿಕೇಟು ಮತ್ತು ನನ್ನ ಕಾಲೇಜು ಫೀಸು

ನಾವು ಅಮೆರಿಕಕ್ಕೆ ಬಂದದ್ದು 2014ರ ಜೂನ್‌ನಲ್ಲಿ, ನನ್ನ ಎಸ್ಸೆಸ್ಸೆಲ್ಸಿ ರಿಸಲ್ಟು ಬಂದ ಮರುತಿಂಗಳು. ದೊಡ್ಡಪ್ಪ ಅಪ್ಪನ ಹೆಸರಿಗೆ ಗ್ರೀನ್ ಕಾರ್ಡಿನ ಅರ್ಜಿ ಹಾಕಿದಾಗ ನನಗೆ ಮೂರು ವರ್ಷ. ಸರದಿ ಬರುವ ಹೊತ್ತಿಗೆ ಹದಿನಾರು ತುಂಬಿತ್ತು. ಅರಸೀಕೆರೆ ಹತ್ತಿರದ ಊರಲ್ಲಿ ತೆಂಗಿನ ತೋಟ ನೋಡಿಕೊಂಡಿದ್ದ ಅಪ್ಪ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಪೆಟ್ರೋಲ್ ಬಂಕಿನ ರಾತ್ರಿ ಪಾಳಿಗೆ ಸೇರಿದರು. ಅಮ್ಮ ಎರಡು ಮನೆಗಳಲ್ಲಿ ಅಡುಗೆ ಮಾಡುತ್ತಿದ್ದರು. ಬಾಡಿಗೆ ಕಟ್ಟಿದರೆ ತಿಂಗಳು ಮುಗಿದಂತೆಯೇ.

ನನ್ನನ್ನು ಹೈಸ್ಕೂಲಿನ ಹನ್ನೊಂದನೇ ತರಗತಿಗೆ ಹಾಕಿಕೊಂಡರು. ಮುಂದಿನ ವರ್ಷ ಎಲ್ಲರೂ ಕಾಲೇಜಿನ ಮಾತಾಡುವಾಗ ನಾನೂ ವೆಬ್‌ಸೈಟ್ ತೆಗೆದು ನೋಡಿದೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ ಫೀಸು, ವಸತಿ, ಊಟ ಸೇರಿ ವರ್ಷಕ್ಕೆ 30 ಸಾವಿರ ಡಾಲರಿಗೂ ಮೇಲೆ. ಅಪ್ಪ ಅದನ್ನು ರೂಪಾಯಿಗೆ ಲೆಕ್ಕ ಹಾಕಿ, ಇಪ್ಪತ್ತು ಲಕ್ಷ ಅಂತ ಗೊತ್ತಾದ ಮೇಲೆ ಸುಮ್ಮನಾಗಿಬಿಟ್ಟರು. ಅದೇ ವಾರ ಒಂದು ಖಾಸಗಿ ಕಾಲೇಜಿನವರು ಫೋನ್ ಮಾಡಿ, ನಾಳೆಯೇ ಬನ್ನಿ, ಸಾಲದ ಕಾಗದಪತ್ರ ನಾವೇ ಮಾಡಿಕೊಡುತ್ತೇವೆ ಅಂದರು. ಹೋದೆವು. ಅಪ್ಪ ಸಹಿ ಹಾಕಲು ಪೆನ್ನು ತೆಗೆದಿದ್ದರು. ಇಲ್ಲಿ ಓದಿದ ಪಾಠ ಬೇರೆ ಕಾಲೇಜಿಗೆ ವರ್ಗವಾಗುತ್ತದೆಯೇ ಎಂದು ನಾನು ಕೇಳಿದೆ. ಅವರು ಆ ಮಾತು ಬಿಟ್ಟು ಬೇರೆ ಎಲ್ಲ ಹೇಳಿದರು. ನಾವು ಎದ್ದು ಬಂದೆವು. ಈ ಒಂದು ಪ್ರಶ್ನೆಯನ್ನು ಯಾರೇ ಆಗಲಿ ಮೊದಲು ಕೇಳಬೇಕು ಅಂತ ಇವತ್ತಿಗೂ ಹೇಳುತ್ತೇನೆ.

ಶಾಲೆಯ ಕೌನ್ಸಿಲರ್ ಮೇಡಂ ಹೇಳಿದ ಮೇಲೆಯೇ ನನ್ನ ಕಣ್ಣು ತೆರೆದದ್ದು. ವೆಬ್‌ಸೈಟಿನಲ್ಲಿ ಇರುವುದು ಉಳ್ಳವರು ಕಟ್ಟುವ ಮೊತ್ತ. ನಮ್ಮಂಥವರು ನಿಜವಾಗಿ ಎಷ್ಟು ಕಟ್ಟಬೇಕಾಗಬಹುದು ಎಂದು ತೋರಿಸುವ 'ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್' ಪ್ರತಿ ಕಾಲೇಜಿನ ಸೈಟಿನಲ್ಲೂ ಇರುತ್ತದೆ. ಅದಕ್ಕಿಂತ ಕಡಿಮೆ ಖರ್ಚಿನ ದಾರಿಯನ್ನೂ ಅವರೇ ತೋರಿಸಿದರು. ಮೊದಲ ಎರಡು ವರ್ಷ ಮನೆಯಿಂದಲೇ ಕಮ್ಯುನಿಟಿ ಕಾಲೇಜು, ಅಂದರೆ ಹತ್ತಿರದ ಎರಡು ವರ್ಷದ ಸರ್ಕಾರಿ ಕಾಲೇಜು, ಆಮೇಲೆ ಯೂನಿವರ್ಸಿಟಿಗೆ ವರ್ಗ. ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ ಕಮ್ಯುನಿಟಿ ಕಾಲೇಜಿನ ಫೀಸು ಪಾಠದ ಒಂದು ಯೂನಿಟ್ಟಿಗೆ (ಕ್ರೆಡಿಟ್ಟಿಗೆ) 46 ಡಾಲರ್. ಆದಾಯ ಕಡಿಮೆ ಇದ್ದವರಿಗೆ ಅದೂ ಮಾಫಿ. ಆಗ ಅದನ್ನು ಬೋರ್ಡ್ ಆಫ್ ಗವರ್ನರ್ಸ್ ಫೀ ವೇವರ್ ಅನ್ನುತ್ತಿದ್ದರು, ಈಗ ಕ್ಯಾಲಿಫೋರ್ನಿಯಾ ಕಾಲೇಜ್ ಪ್ರಾಮಿಸ್ ಗ್ರಾಂಟ್. ನಿವಾಸಿ ಅನ್ನಿಸಿಕೊಳ್ಳಲು ಒಂದು ವರ್ಷ ಒಂದು ದಿನ ಇಲ್ಲೇ ನೆಲೆಸಿರಬೇಕು. ನಮಗೆ ಅಷ್ಟರಲ್ಲಿ ಎರಡು ವರ್ಷವಾಗುತ್ತಿತ್ತು. ಇಲ್ಲದಿದ್ದರೆ ಫೀಸು ಹಲವು ಪಟ್ಟು.

ಎಲ್ಲಕ್ಕೂ ಬೀಗದ ಕೈ ಫಾಫ್ಸಾ (FAFSA), ಅಂದರೆ ಓದಿಗೆ ಅಮೆರಿಕ ಸರ್ಕಾರದ ನೆರವು ಕೇಳುವ ಅರ್ಜಿ. ಅದನ್ನು ತುಂಬಿಕೊಡಲು ಪರಿಚಯದವರೊಬ್ಬರು ದುಡ್ಡು ಕೇಳಿದ್ದರು. ಆ ಹೆಸರಿನ ಮೊದಲ ಅಕ್ಷರದ ಅರ್ಥವೇ 'ಉಚಿತ' ಎಂದು ಆಮೇಲೆ ತಿಳಿಯಿತು. ಅಪ್ಪನ ತೆರಿಗೆ ಕಾಗದ ಮುಂದಿಟ್ಟುಕೊಂಡು ನಾನೇ ಎರಡು ರಾತ್ರಿ ಕೂತು ತುಂಬಿದೆ. ಕ್ಯಾಲಿಫೋರ್ನಿಯಾ ರಾಜ್ಯ ಕೊಡುವ ಕ್ಯಾಲ್ ಗ್ರಾಂಟ್ ಬೇಕಿದ್ದರೆ ಮಾರ್ಚ್ 2ರ ಗಡುವು. ಜೊತೆಗೆ ಶಾಲೆಯಿಂದ ಅಂಕದ ದೃಢೀಕರಣವೂ ಹೋಗಬೇಕು. ಇದೊಂದು ಮರೆತು ಎಷ್ಟೋ ಮಕ್ಕಳು ಕಳೆದುಕೊಳ್ಳುತ್ತಾರೆ. ಸ್ವಲ್ಪ ದಿನಕ್ಕೆ 'ವೆರಿಫಿಕೇಷನ್‌ಗೆ ಆಯ್ಕೆಯಾಗಿದೆ' ಅಂತ ಪತ್ರ ಬಂತು. ಗ್ರೀನ್ ಕಾರ್ಡಿಗೇ ಏನೋ ತೊಂದರೆಯಾಯಿತು ಅಂತ ಅಮ್ಮ ಅವತ್ತು ಊಟ ಬಿಟ್ಟರು. ಹಾಗೇನಿಲ್ಲ, ಇನ್ನೊಂದಷ್ಟು ಕಾಗದ ಕೇಳುತ್ತಾರೆ, ಅಷ್ಟೇ. ಕೊಟ್ಟ ಮೇಲೆ, ಅಮೆರಿಕ ಸರ್ಕಾರ ಬಡ ವಿದ್ಯಾರ್ಥಿಗಳಿಗೆ ಕೊಡುವ, ತೀರಿಸಬೇಕಿಲ್ಲದ ಪೆಲ್ ಗ್ರಾಂಟ್ ಪೂರ್ತಿ ಸಿಕ್ಕಿತು: 2016–17ಕ್ಕೆ 5,815 ಡಾಲರ್. ಫೀಸು ಮಾಫಿಯಾಗಿದ್ದರಿಂದ ಅದು ಬಸ್ಸು, ಪುಸ್ತಕ, ಮನೆ ಖರ್ಚಿಗೆ ಬಂತು.

ಸೇರಿದ್ದು ಫ್ರೀಮಾಂಟಿನಲ್ಲೇ ಇರುವ ಓಲೋನಿ ಕಾಲೇಜಿಗೆ. ಬಡ ಕುಟುಂಬದ ವಿದ್ಯಾರ್ಥಿಗಳಿಗೆಂದು ಇಲ್ಲಿನ ಕಾಲೇಜುಗಳಲ್ಲಿ ಇಒಪಿಎಸ್ ಎಂಬ ವಿಭಾಗವಿದೆ. ಪುಸ್ತಕಕ್ಕೆ ವೋಚರು ಕೊಡುತ್ತಾರೆ, ಎಲ್ಲರಿಗಿಂತ ಮೊದಲು ತರಗತಿ ಆಯ್ದುಕೊಳ್ಳಲು ಬಿಡುತ್ತಾರೆ. ಈ ಎರಡನೆಯದು ದೊಡ್ಡ ಉಪಕಾರ. ಬೇಕಾದ ತರಗತಿ ಸಿಗದಿದ್ದರೆ ಎರಡು ವರ್ಷದ ಓದು ಮೂರಾಗುತ್ತದೆ, ಖರ್ಚೂ ಬೆಳೆಯುತ್ತದೆ. ಇಲ್ಲಿ ಓದಿದ ಯಾವ ಪಾಠವನ್ನು ಯಾವ ಯೂನಿವರ್ಸಿಟಿ ಒಪ್ಪುತ್ತದೆ ಎಂದು 'ಅಸಿಸ್ಟ್' ಸೈಟಿನಲ್ಲಿ ನೋಡಿ, ಮುದ್ರಿಸಿ, ಗೋಡೆಗೆ ಅಂಟಿಸಿಕೊಂಡಿದ್ದೆ.

ಆ ಪಟ್ಟಿಯಲ್ಲಿ ಒಂದು ಸಾಲು ಬಹಳ ದಿನ ಖಾಲಿ ಇತ್ತು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ ಹೋಗುವವರಿಗೆ ಆಗ ಇಂಗ್ಲಿಷ್ ಅಲ್ಲದೆ ಇನ್ನೊಂದು ಭಾಷೆ ಬರಬೇಕಿತ್ತು. ಒಂದು ಸೆಮಿಸ್ಟರ್ ಸ್ಪ್ಯಾನಿಷ್ ತೆಗೆದುಕೊಳ್ಳಲು ಹೊರಟಿದ್ದೆ. ಆಗ ಇಒಪಿಎಸ್ ಕೌನ್ಸಿಲರ್, "ಆರನೇ ತರಗತಿ ಅಥವಾ ಅದರ ಮೇಲೆ ಎರಡು ವರ್ಷ ಬೇರೆ ಭಾಷೆಯ ಮಾಧ್ಯಮದಲ್ಲಿ ಓದಿದ್ದೀಯಾ?" ಅಂದರು. ಓದಿದ್ದೇನೆ, ಹತ್ತನೆಯವರೆಗೂ ಕನ್ನಡ ಮಾಧ್ಯಮ, ಸರ್ಕಾರಿ ಶಾಲೆ ಅಂದೆ. ದಾಖಲೆ ತರಿಸು ಅಂದರು.

ಮನೆಗೆ ಬಂದು ಸೋದರಮಾವನಿಗೆ ಫೋನ್ ಮಾಡಿದೆ. ಸರ್ಕಾರಿ ನೌಕರಿಯ ಮೀಸಲಾತಿಗೆ ಕೇಳುತ್ತಾರಲ್ಲ, ಅದೇ ಕನ್ನಡ ಮಾಧ್ಯಮ ಪ್ರಮಾಣಪತ್ರ. ಹೆಡ್ಮಾಸ್ಟರು ಹಳೆಯ ದಾಖಲಾತಿ ಪುಸ್ತಕ ತೆಗೆಸಿ, "ಅಲ್ಲಿ ನಮ್ಮ ಕನ್ನಡ ಲೆಕ್ಕಕ್ಕಿದೆಯೇನಪ್ಪ?" ಎಂದು ಮಾವನನ್ನು ಎರಡೆರಡು ಸಲ ಕೇಳಿದರಂತೆ. ಬಿಇಒ ಕಚೇರಿಯಲ್ಲಿ ಮೇಲುಸಹಿ ಆಯಿತು. ಅದನ್ನೂ ಅಂಕಪಟ್ಟಿಯನ್ನೂ ಇಂಗ್ಲಿಷ್ ಅನುವಾದದ ಜೊತೆ ಒಪ್ಪಿಸಿದೆ. ಗುಂಡನೆಯ ನೀಲಿ ಮೊಹರು ಒಂದು ಬದಿಗೆ ಹರಡಿಕೊಂಡಿತ್ತು. ಕೌನ್ಸಿಲರ್ ಅದನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ಪಟ್ಟಿಯ ಖಾಲಿ ಸಾಲಿಗೆ ಟಿಕ್ ಹಾಕಿದರು. ಊರಿನ ಶಾಲೆಯಲ್ಲಿ ಓದಿದ್ದಕ್ಕೆ ಇಲ್ಲಿ ನಾಚಿಕೊಂಡು ಕೂತಿದ್ದ ಹುಡುಗಿ ನಾನು. ಅವತ್ತು ಬಸ್ಸಿನಲ್ಲಿ ಅಳು ಬಂತು.

ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಆರು ಕ್ಯಾಂಪಸ್ಸುಗಳು, ಡೇವಿಸ್ ಸೇರಿ, ಅರ್ಹತೆ ಇದ್ದು ಕಮ್ಯುನಿಟಿ ಕಾಲೇಜಿನಿಂದ ವರ್ಗವಾಗಿ ಬರುವವರಿಗೆ ಸೀಟಿನ ಖಾತ್ರಿ ಕೊಡುತ್ತವೆ. ಡೇವಿಸ್‌ಗೆ ಸೆಪ್ಟೆಂಬರಿನಲ್ಲಿ ಆ ಅರ್ಜಿ, ನವೆಂಬರಿನಲ್ಲಿ ಮುಖ್ಯ ಅರ್ಜಿ ಹಾಕಿ 2018ರಲ್ಲಿ ಅರ್ಥಶಾಸ್ತ್ರಕ್ಕೆ ಸೇರಿದೆ. ಆಗ 80 ಸಾವಿರ ಡಾಲರಿಗಿಂತ ಕಡಿಮೆ ಆದಾಯವಿದ್ದ ಕ್ಯಾಲಿಫೋರ್ನಿಯಾದ ಕುಟುಂಬಗಳಿಗೆ ಬೋಧನಾ ಶುಲ್ಕಕ್ಕೆ ಪೂರ್ತಿ ನೆರವು ಸಿಗುತ್ತಿತ್ತು. ಕಷ್ಟವಾದದ್ದು ರೂಮಿನ ಬಾಡಿಗೆ. ಲೈಬ್ರರಿಯಲ್ಲಿ ಕೆಲಸ ಮಾಡಿದೆ, ಎರಡು ವರ್ಷಕ್ಕೆ ಸೇರಿ 6 ಸಾವಿರ ಡಾಲರ್ ಸರ್ಕಾರಿ ಸಾಲ ತೆಗೆದುಕೊಂಡೆ. ಆ ಸಾಲ ತೀರಿದೆ.

ನನಗೆ ಗ್ರೀನ್ ಕಾರ್ಡ್ ಇದ್ದದ್ದು ದೊಡ್ಡ ಅನುಕೂಲ, ಅದನ್ನು ಮುಚ್ಚಿಡುವುದಿಲ್ಲ. ಅಪ್ಪ ಅಥವಾ ಅಮ್ಮನ ಕೆಲಸದ ವೀಸಾದ ಮೇಲೆ ಬಂದು ಎಚ್-4 ವೀಸಾದಲ್ಲಿರುವ ಮಕ್ಕಳಿಗೆ ಪೆಲ್ ಗ್ರಾಂಟ್ ಇಲ್ಲ. ಇದೇ ದೇಶದಲ್ಲಿ ಬೆಳೆದು, ಇಪ್ಪತ್ತೊಂದು ತುಂಬಿ ಆ ವೀಸಾ ಕೈಬಿಡುವ ದಿನಕ್ಕೆ ಹೆದರುತ್ತಾ ಓದುವ ಆ ಮಕ್ಕಳನ್ನು ಕಂಡರೆ ಸಂಕಟವಾಗುತ್ತದೆ. ವೀಸಾ, ಗ್ರೀನ್ ಕಾರ್ಡ್ ಯಾವ ಕಾಗದವೂ ಇಲ್ಲದ ಮಕ್ಕಳಿಗೆ ಈ ರಾಜ್ಯದ ನೆರವು ಕೇಳಲು ಡ್ರೀಮ್ ಆ್ಯಕ್ಟ್ ಅರ್ಜಿ ಬೇರೆ ಇದೆ. ಅವರು ಫಾಫ್ಸಾ ತುಂಬಬಾರದು.

ದೊಡ್ಡಪ್ಪನ ಮನೆಗೆ ಹೊಸದಾಗಿ ಬಂದ ಕುಟುಂಬದವರು ಭಾನುವಾರ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಲ್ಯಾಪ್‌ಟಾಪ್ ತೆರೆಯುವ ಮೊದಲು ನಾನು ಕೇಳುವುದು ಒಂದೇ: ಊರಿನ ಶಾಲೆಯ ಕಾಗದ ಯಾವುದೆಲ್ಲ ತಂದಿದ್ದೀರಿ, ತೋರಿಸಿ.