ಕಾವಲು ನಾಯಿಯನ್ನು ಪಶುವೈದ್ಯರ ಭೇಟಿಗೆ ಅಣಿಗೊಳಿಸುವ ಬಗೆ

ಬೆಳೆದ ಗಂಡು ರಾಟ್‌ವೀಲರ್ 50 ಕಿಲೋಗೂ ಹೆಚ್ಚು ತೂಗಬಹುದು. ಅಂಥ ನಾಯಿಯನ್ನು ಮೂವರು ನಾಲ್ವರು ಸೇರಿ ಅದುಮಿ ಹಿಡಿದು ಒಂದು ಚುಚ್ಚುಮದ್ದು ಹಾಕಿಸಬಹುದು; ಆದರೆ ಮುಂದಿನ ಸಲ ಅದು ಚಿಕಿತ್ಸಾಲಯದ ಬಾಗಿಲಲ್ಲೇ ಕಾಲೂರಿ ನಿಲ್ಲುತ್ತದೆ, ಅದರ ಮುಂದಿನ ಸಲ ಹಲ್ಲು ತೋರಿಸುತ್ತದೆ. ನಮ್ಮ ಮನೆಯ ರಾಟ್‌ವೀಲರ್‌ಗೆ 7 ತಿಂಗಳಾಗಿದ್ದಾಗ, ರಕ್ತ ಹೀರುವ ಉಣ್ಣೆ ಹುಳುಗಳಿಂದ ಬರುವ ಉಣ್ಣೆ ಜ್ವರದ ಅನುಮಾನದಿಂದ ರಕ್ತ ಪರೀಕ್ಷೆ ಮಾಡಿಸಬೇಕಾಗಿ ಬಂದು, ನಾವು ಅವನನ್ನು ನೆಲಕ್ಕೆ ಒತ್ತಿ ಹಿಡಿದೆವು. ರಕ್ತವೇನೋ ಸಿಕ್ಕಿತು, ಆದರೆ ಆಮೇಲೆ ಸುಮಾರು ಒಂದು ವರ್ಷ ಅವನು ಮುಂಗಾಲನ್ನು ಯಾರಿಗೂ ಮುಟ್ಟಗೊಡಲಿಲ್ಲ. ಮುಂಗಾಲು ಹಿಡಿಸಿಕೊಳ್ಳುವುದನ್ನು ಮನೆಯಲ್ಲಿ ಮೊದಲೇ ಕಲಿಸದೆ ಹೋದದ್ದು ನಮ್ಮ ತಪ್ಪು. ಆ ಕಲಿಕೆ ಹೇಗಿರಬೇಕೆಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಕಾವಲಿಗೆಂದೇ ತಲೆತಲಾಂತರದಿಂದ ಬೆಳೆಸಿದ ತಳಿಗಳಲ್ಲಿ ಅಪರಿಚಿತರ ಬಗೆಗಿನ ಎಚ್ಚರಿಕೆ ಹುಟ್ಟುಗುಣ. ಒಡೆಯನ ಪಕ್ಕಕ್ಕೆ ಹೊಸಬರೊಬ್ಬರು ನೇರವಾಗಿ ನಡೆದು ಬಂದು, ಮೇಲಿನಿಂದ ಬಾಗಿ, ಕಣ್ಣಿಗೆ ಕಣ್ಣಿಟ್ಟು, ಕೈ ಚಾಚಿದರೆ ಆ ನಾಯಿ ಅದನ್ನು ತಡೆಯಬೇಕಾದ ಕೆಲಸವೆಂದೇ ತಿಳಿಯುತ್ತದೆ; ಪಶುವೈದ್ಯರು ಮಾಡಬೇಕಾದದ್ದಾದರೂ ಹೆಚ್ಚುಕಡಿಮೆ ಅದನ್ನೇ. ನಮ್ಮಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ. ತೋಟದ ಮನೆಯ ಕಾವಲು ನಾಯಿ ವರ್ಷವಿಡೀ ಗೇಟಿನೊಳಗೇ ಇದ್ದು, ಚುಚ್ಚುಮದ್ದಿಗೆ ಮಾತ್ರ ಜೀಪು ಹತ್ತುತ್ತದೆ. ಜೀಪು, ಆಸ್ಪತ್ರೆಯ ವಾಸನೆ, ನೋವು ಈ ಮೂರೂ ಅದರ ಮನಸ್ಸಿನಲ್ಲಿ ಒಂದೇ ಗಂಟಾಗಿಬಿಡುತ್ತವೆ.

ಆದ್ದರಿಂದ ಕೆಲಸ ಮನೆಯಲ್ಲೇ ಆರಂಭವಾಗಬೇಕು. ದಿನಕ್ಕೆ ಎರಡು ಸಲ, ಒಂದೊಂದು ಸಲವೂ ಐದು ನಿಮಿಷ ಮೀರದಂತೆ ಅಭ್ಯಾಸ ಮಾಡಿಸಿ. ಬೇಯಿಸಿದ ಕೋಳಿಮಾಂಸದ ಸಣ್ಣ ಚೂರುಗಳೋ ಪನೀರೋ ಕೈಯಲ್ಲಿರಲಿ. ಆ ತಿನಿಸು ಬೇರೆ ಹೊತ್ತಿನಲ್ಲಿ ಸಿಗದಿದ್ದರೆ ಅದರ ಬೆಲೆ ಹೆಚ್ಚು. ಮೊದಲು ಮುಟ್ಟಿ, ಆಮೇಲೆ ತಿನಿಸು ಕೊಡಿ. ತಿನಿಸು ತೋರಿಸಿ ಮರುಳು ಮಾಡಿ ಮುಟ್ಟಿದರೆ, ನಾಯಿ ತಿನಿಸನ್ನೇ ಅನುಮಾನಿಸಲು ಕಲಿಯುತ್ತದೆ. ಕಿವಿ ಎತ್ತುವುದು, ತುಟಿ ಸರಿಸಿ ಒಸಡು ನೋಡುವುದು, ಹೊಟ್ಟೆಯನ್ನು ಮೃದುವಾಗಿ ಒತ್ತುವುದು, ಬೆರಳ ಸಂದಿಯಲ್ಲಿ ಉಣ್ಣೆ ಹುಡುಕುವುದು, ಚುಚ್ಚುಮದ್ದು ಹಾಕುವ ಹೆಗಲಿನ ಚರ್ಮವನ್ನು ಚಿವುಟಿ ಹಿಡಿಯುವುದು, ಜ್ವರ ನೋಡುವಾಗ ಮಾಡುವಂತೆ ಬಾಲ ಎತ್ತಿ ಹಿಡಿಯುವುದು ಇವೆಲ್ಲವನ್ನೂ ಒಂದೊಂದಾಗಿ ಕಲಿಸಿ. ರಕ್ತ ತೆಗೆಯುವುದು ಹೆಚ್ಚಾಗಿ ಮುಂಗಾಲಿನ ರಕ್ತನಾಳದಿಂದ. ಆದ್ದರಿಂದ ಮೊಣಕೈಯ ಕೆಳಗೆ ಕೈಯಿಟ್ಟು ಕಾಲನ್ನು ಮುಂದಕ್ಕೆ ಚಾಚಿಸಿ, ಹೆಬ್ಬೆರಳಿನಿಂದ ಒತ್ತಿ ಹಿಡಿದು, ಒದ್ದೆ ಹತ್ತಿಯಿಂದ ಒರೆಸುವವರೆಗೂ ಅಭ್ಯಾಸ ಸಾಗಲಿ.

ಇವೆಲ್ಲಕ್ಕೂ ಆಧಾರವಾಗಿ ನಾನು ಕಲಿಸುವುದು ಗದ್ದ ಇಡುವ ಅಭ್ಯಾಸವನ್ನು. ನಾಯಿ ತನ್ನ ಗದ್ದವನ್ನು ನಿಮ್ಮ ಅಂಗೈಯ ಮೇಲೋ ಕುರ್ಚಿಯ ಮೇಲೋ ಇಟ್ಟಿರುವಷ್ಟು ಹೊತ್ತು ನೀವು ಪರೀಕ್ಷೆ ಮುಂದುವರಿಸಬಹುದು. ಅದು ಗದ್ದ ಎತ್ತಿದ ಕ್ಷಣವೇ ನಿಮ್ಮ ಕೈ ಹಿಂದಕ್ಕೆ ಸರಿಯಬೇಕು. ಹೀಗೆ ಮಾಡಿದರೆ ನಾಯಿ ಪ್ರತಿಸಲವೂ ತಪ್ಪಿಸಿಕೊಳ್ಳುತ್ತದೆಂದು ಹಲವರು ಅಂಜುತ್ತಾರೆ. ನಾನು ಕಂಡದ್ದು ಇದಕ್ಕೆ ತದ್ವಿರುದ್ಧ. ಬೇಡವೆಂದು ತಿಳಿಸಲು ಸದ್ದಿಲ್ಲದ ದಾರಿಯೊಂದು ಸಿಕ್ಕಿದ ಮೇಲೆ ನಾಯಿಗೆ ಹಲ್ಲು ತೋರಿಸುವ ಅಗತ್ಯ ಕಡಿಮೆಯಾಗುತ್ತದೆ.

ಎತ್ತಿಗೆ ಕಟ್ಟುವಂಥ ಬಾಯಿಕುಕ್ಕೆಯನ್ನು, ಅಂದರೆ ಮಜಲನ್ನು, ನಾಯಿಗೆ ಹಾಕಲು ನಾಚಿಕೆಪಡಬೇಕಾಗಿಲ್ಲ. ಆದರೆ ಅದು ಬುಟ್ಟಿಯಾಕಾರದ್ದಾಗಿರಬೇಕು. ನಾಯಿ ಮೈಯ ಬಿಸಿಯನ್ನು ಮುಖ್ಯವಾಗಿ ತೇಕುವ ಮೂಲಕವೇ ಹೊರಹಾಕುತ್ತದೆ. ಬಾಯಿಯನ್ನು ಬಿಗಿಯಾಗಿ ಮುಚ್ಚುವ ಬಟ್ಟೆಯ ಮಜಲನ್ನು ಬೇಸಿಗೆಯಲ್ಲಿ ಕೆಲವು ನಿಮಿಷಕ್ಕಿಂತ ಹೆಚ್ಚು ಹಾಕಿದರೆ ಜೀವಕ್ಕೇ ಅಪಾಯ. ಬುಟ್ಟಿಯೊಳಗೆ ನಾಯಿ ಬಾಯ್ತೆರೆದು ತೇಕಬಹುದು, ನೀರು ಕುಡಿಯಬಹುದು, ಸಂದಿಯಿಂದ ತಿನಿಸನ್ನೂ ಪಡೆಯಬಹುದು. ರಾಟ್‌ವೀಲರ್‌ನ ಮೂತಿ ಅಗಲವಾದ್ದರಿಂದ ಅಳತೆ ತೆಗೆದುಕೊಂಡೇ ಖರೀದಿಸಿ. ಮೊದಲ ವಾರ ಪಟ್ಟಿ ಬಿಗಿಯಬೇಡಿ. ಬುಟ್ಟಿಯ ತಳಕ್ಕೆ ಗಟ್ಟಿ ಮೊಸರು ಸವರಿ, ನಾಯಿ ತಾನಾಗಿಯೇ ಮೂತಿ ತೂರಿಸಲಿ. ಬಳಿಕ ಒಂದೆರಡು ಸೆಕೆಂಡು ಪಟ್ಟಿ ಹಾಕಿ ತೆಗೆಯಿರಿ, ನಿಧಾನವಾಗಿ ಹೊತ್ತು ಹೆಚ್ಚಿಸಿ, ಆಸ್ಪತ್ರೆಗೆ ಹೋಗದ ದಿನಗಳಲ್ಲೂ ಹಾಕಿಸಿ ಅಂಗಳದಲ್ಲಿ ತಿರುಗಾಡಿಸಿ.

ಮನೆಯವರ ಕೈಗೆ ಒಗ್ಗಿದ ಮೇಲೆ, ನಾಯಿಗೆ ಅಷ್ಟೇನೂ ಪರಿಚಯವಿಲ್ಲದ ನೆಂಟರೊಬ್ಬರಿಂದ ಇದೇ ಅಭ್ಯಾಸ ಮಾಡಿಸಿ. ಈ ಹಂತದಲ್ಲಿ ಮಜಲ್ ಇರಲಿ. ಅವರು ಎದುರಿನಿಂದ ಬಾರದೆ ಪಕ್ಕದಿಂದ ಬಂದು, ದಿಟ್ಟಿಸಿ ನೋಡದೆ, ಹೆಗಲನ್ನು ಒಮ್ಮೆ ಮುಟ್ಟಿ ಹಿಂದೆ ಸರಿದರೆ ಮೊದಲ ದಿನಕ್ಕೆ ಅಷ್ಟು ಸಾಕು. ಜೊತೆಗೆ, ವೈದ್ಯರ ಒಪ್ಪಿಗೆ ಪಡೆದು, ಜನಸಂದಣಿಯಿಲ್ಲದ ಹೊತ್ತಿನಲ್ಲಿ ಚಿಕಿತ್ಸೆಯಿಲ್ಲದ ಭೇಟಿಗಳನ್ನು ಮಾಡಿ: ಒಂದು ದಿನ ಗೇಟಿನವರೆಗೆ, ಇನ್ನೊಂದು ದಿನ ತೂಕದ ಯಂತ್ರದವರೆಗೆ. ಮರಿಯ ವಿಷಯದಲ್ಲಿ ಮಾತ್ರ ಬೇರೆಯೇ ಎಚ್ಚರಿಕೆ ಬೇಕು. ರಾಟ್‌ವೀಲರ್ ಮರಿಗಳಿಗೆ ಪಾರ್ವೊ ಎಂಬ ಮಾರಕ ವಾಂತಿಭೇದಿ ರೋಗದ ಅಪಾಯ ಉಳಿದ ಹಲವು ತಳಿಗಳಿಗಿಂತ ಹೆಚ್ಚು. ಸುಮಾರು 16 ವಾರಗಳವರೆಗೆ ಸಾಗುವ ಲಸಿಕೆಗಳ ಸರಣಿ ಮುಗಿಯುವ ತನಕ ಮರಿಯನ್ನು ಆಸ್ಪತ್ರೆಯ ನೆಲಕ್ಕೆ ಇಳಿಸದೆ, ಮಡಿಲಲ್ಲೇ ಕೂರಿಸಿಕೊಂಡು ಪರಿಚಯ ಮಾಡಿಸಿ.

ಭೇಟಿಯ ದಿನ ಮೊದಲೇ ಫೋನ್ ಮಾಡಿ ಕೊನೆಯ ಸರದಿ ಕೇಳಿ, ನಾಯಿ ಅಪರಿಚಿತರಿಗೆ ಹೇಗೆ ಪ್ರತಿಕ್ರಿಯಿಸುತ್ತದೆಂಬುದನ್ನು ಮುಚ್ಚಿಡದೆ ಹೇಳಿ. ಹೊಟ್ಟೆ ತುಂಬ ಉಣಿಸಿ ಹೊರಡಬೇಡಿ; ಖಾಲಿ ಹೊಟ್ಟೆ ಬೇಕೇ, ತಿನಿಸು ಕೊಡಬಹುದೇ ಎಂಬುದನ್ನೂ ಕೇಳಿಕೊಳ್ಳಿ. ವಾಹನ ಹತ್ತಿಸಲು ಹಲಗೆಗೆ ಗೋಣಿಚೀಲ ಬಿಗಿದು ಇಳಿಜಾರು ಮಾಡಿಕೊಂಡರೆ ಸೊಂಟದ ಕೀಲಿನ ತೊಂದರೆಯಿರುವ ನಾಯಿಗೂ ಅನುಕೂಲ. ರಬ್ಬರ್ ಹಾಸೊಂದನ್ನು ತಪ್ಪದೆ ಒಯ್ಯಿರಿ. ನುಣುಪಾದ ಟೈಲ್ಸ್ ಮೇಲೆ ಕಾಲು ಜಾರಿದರೆ ದೊಡ್ಡ ನಾಯಿಯ ಅರ್ಧ ಧೈರ್ಯ ಅಲ್ಲೇ ಕುಗ್ಗುತ್ತದೆ. ಮೇಜಿಗೆ ಎತ್ತುವ ಬದಲು ನೆಲದ ಮೇಲೆ ಆ ಹಾಸಿನಲ್ಲೇ ಪರೀಕ್ಷಿಸುವಂತೆ ವೈದ್ಯರಲ್ಲಿ ವಿನಂತಿಸಿಕೊಳ್ಳಿ. ಸರದಿ ಬರುವವರೆಗೆ ಹೊರಗಿನ ನೆರಳಿನಲ್ಲಿ ಕಾಯಿರಿ, ಆದರೆ ಗಾಜು ಮುಚ್ಚಿದ ವಾಹನದೊಳಗೆ ನಾಯಿಯನ್ನು ಬಿಡಲೇಬೇಡಿ.

ಗುರುಗುಟ್ಟಿದರೆ ಗದರಬೇಡಿ. ಅದು ನಾಯಿ ಕೊಡುವ ಎಚ್ಚರಿಕೆ. ಅದನ್ನು ಹೊಡೆದು ಅಡಗಿಸಿದರೆ ಮುಂದಿನ ಸಲ ಎಚ್ಚರಿಕೆಯಿಲ್ಲದೆಯೇ ಕಚ್ಚಬಹುದು. ಕೈ ಹಿಂದೆ ಸರಿಸಿ, ಒಂದು ನಿಮಿಷ ಹೊರಗೆ ನಡೆಸಿಕೊಂಡು ಬನ್ನಿ. ಇಷ್ಟಾದರೂ ಭಯ ಮಿತಿ ಮೀರಿದ್ದರೆ, ಮನೆಯಿಂದ ಹೊರಡುವ ಮುನ್ನವೇ ಕೊಡಬಹುದಾದ ಗ್ಯಾಬಪೆಂಟಿನ್, ಟ್ರಾಜೊಡೋನ್‌ನಂಥ ಮಾತ್ರೆಗಳನ್ನು ವೈದ್ಯರು ಬರೆದುಕೊಡಬಹುದು; ಪ್ರಮಾಣ ಅವರೇ ನಿರ್ಧರಿಸಬೇಕು, ಮನೆಯಲ್ಲಿರುವ ಮನುಷ್ಯರ ಮಾತ್ರೆ ಎಂದೂ ಕೊಡಬಾರದು. ಇನ್ನು, ಹೊಟ್ಟೆ ಉಬ್ಬಿ, ವಾಂತಿಗೆ ಹವಣಿಸಿದರೂ ಏನೂ ಹೊರಬಾರದೆ ನಾಯಿ ಚಡಪಡಿಸುತ್ತಿದ್ದರೆ ಅದು ಜಠರ ತಿರುಚಿಕೊಂಡಿರುವ ಲಕ್ಷಣವಾಗಿರಬಹುದು. ಎದೆಯಾಳವಿರುವ ದೊಡ್ಡ ತಳಿಗಳಲ್ಲಿ ಇದು ಕೆಲವೇ ಗಂಟೆಗಳಲ್ಲಿ ಪ್ರಾಣ ತೆಗೆಯಬಲ್ಲದು. ಆಗ ಅಭ್ಯಾಸ, ಸರದಿ ಯಾವುದನ್ನೂ ನೋಡದೆ, ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಕೂಡಲೇ ಹೊರಡಬೇಕು.

ಭೇಟಿಯಿಂದ ಮರಳಿದ ಸಂಜೆ, ನಾಯಿ ಯಾವ ಹಂತದಲ್ಲಿ ಮೈ ಬಿಗಿದುಕೊಂಡಿತು, ಯಾವುದನ್ನು ಸಲೀಸಾಗಿ ಸಹಿಸಿತು ಎಂಬುದನ್ನು ಲಸಿಕೆ ಪುಸ್ತಕದ ಹಿಂಬದಿಯಲ್ಲಿ ಬರೆದಿಡಿ. ಎರಡು ದಿನ ವಿಶ್ರಾಂತಿ ಕೊಟ್ಟು, ಮೈ ಬಿಗಿದ ಆ ಹಂತದಿಂದಲೇ ಮನೆಯ ಅಭ್ಯಾಸವನ್ನು ಮತ್ತೆ ಆರಂಭಿಸಿ. ವಾರದೊಳಗೆ ಒಮ್ಮೆ ಬರಿಯ ತೂಕ ನೋಡಲೆಂದು ಅದೇ ಚಿಕಿತ್ಸಾಲಯಕ್ಕೆ ಕರೆದೊಯ್ದು, ಸೂಜಿಯಿಲ್ಲದೆ, ತಿನಿಸು ಕೊಟ್ಟು ಮನೆಗೆ ಕರೆತನ್ನಿ.