ಮಳೆ, ಉಪ್ಪುಗಾಳಿಗೆ ಕಳೆಗೆಟ್ಟ ಹೊರಬಾಗಿಲಿಗೆ ಮರುಪಾಲಿಶ್

ಮಂಗಳೂರು, ಉಡುಪಿ ಕಡೆ ಈ ಕೆಲಸಕ್ಕೆ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ದಿನಗಳೇ ಸರಿ. ಮಳೆ ನಿಂತ ಕೂಡಲೇ ಕೈಹಾಕಬೇಡಿ. ಮರ ಕುಡಿದ ನೀರು ಆರಲು ವಾರಗಳೇ ಬೇಕು. ತೇವದ ಮೇಲೆ ಹಚ್ಚಿದ ವಾರ್ನಿಷ್ ಗುಳ್ಳೆ ಏಳುತ್ತದೆ.

ಚಿಲಕ, ಬೀಗ ಬಿಚ್ಚಿ, ಬಾಗಿಲನ್ನು ಕೀಲಿನಿಂದ ಕಳಚಿ ಎರಡು ಸ್ಟೂಲುಗಳ ಮೇಲೆ ಮಲಗಿಸಿ. ಸಾಗುವಾನಿಯಾಗಲಿ ಹಲಸಾಗಲಿ, ಎತ್ತಲು ಇಬ್ಬರು ಬೇಕು. ಕೆಳಗಿನ ಅಂಚನ್ನು ಚಾಕುವಿನ ಮೊನೆಯಿಂದ ಚುಚ್ಚಿ ನೋಡಿ. ಮೊನೆ ಸಲೀಸಾಗಿ ಇಳಿದರೆ ಅಲ್ಲಿ ಮರ ಕುಂಬಾಗಿದೆ. ಆಚಾರಿಯನ್ನು ಕರೆಸಿ ಆ ಭಾಗ ಕತ್ತರಿಸಿ ಹೊಸ ತುಂಡು ಕೂರಿಸುವವರೆಗೆ ಪಾಲಿಶಿನ ಮಾತು ಬೇಡ. ಒರಲೆ ಮಣ್ಣು ಕಂಡರೂ ಮೊದಲು ಅದಕ್ಕೆ ಮದ್ದು.

ಹಳೆಯ ವಾರ್ನಿಷನ್ನು ಪೇಂಟ್ ರಿಮೂವರ್ ಹಚ್ಚಿ ಕೆರೆದು ತೆಗೆಯಿರಿ. ಆಮೇಲೆ 80, 120, 180 ನಂಬರಿನ ಸ್ಯಾಂಡ್ ಪೇಪರ್, ಇದೇ ಕ್ರಮದಲ್ಲಿ, ಮರದ ಎಳೆಯ ಗುಂಟ. ಅಡ್ಡ ಉಜ್ಜಿದ ಗೀರು ಪಾಲಿಶ್ ಬಿದ್ದ ಮೇಲೆ ಎದ್ದು ಕಾಣುತ್ತದೆ. ಬಿಸಿಲಿಗೆ ಬೂದುಬಣ್ಣಕ್ಕೆ ತಿರುಗಿದ ಪದರ ಪೂರ್ತಿ ಹೋಗಿ ಮರದ ಅಸಲಿ ಬಣ್ಣ ಕಾಣಬೇಕು. ಆ ಪದರದ ನಾರು ಸತ್ತಿರುತ್ತದೆ, ಅದರ ಮೇಲಿನ ವಾರ್ನಿಷ್ ಅದರ ಜೊತೆಗೇ ಸುಲಿದು ಬರುತ್ತದೆ. ಪಾಲಿಶ್ ಬೇಗ ಹೋಗಲು ಇದೂ ಒಂದು ಮುಖ್ಯ ಕಾರಣ. ಬಾಗಿಲಿಗೆ ಹಳೆಯ ಪೇಂಟ್ ಇದ್ದರೆ ಅದರಲ್ಲಿ ಸೀಸ ಇರಬಹುದು. ಮಾಸ್ಕ್ ಹಾಕಿ, ಒದ್ದೆ ಮಾಡಿಕೊಂಡೇ ಉಜ್ಜಿ.

ಕಬ್ಬಿಣದ ಮೊಳೆಯ ಸುತ್ತ ಕಪ್ಪು ಕಲೆ ಇದ್ದರೆ 1 ಲೀಟರ್ ಬಿಸಿನೀರಿಗೆ ಸುಮಾರು 60 ಗ್ರಾಂ ಆಕ್ಸಾಲಿಕ್ ಆಮ್ಲ, ಪ್ಲಾಸ್ಟಿಕ್ ಬಕೆಟಿನಲ್ಲಿ. ಇದು ವಿಷ, ಕೈಗವಸು ಕಡ್ಡಾಯ. ಕಲೆಯಷ್ಟಕ್ಕೇ ಬಳಿದರೆ ಬಿಳಿ ಮಚ್ಚೆ ಉಳಿಯುತ್ತದೆ, ಇಡೀ ಹಲಗೆಗೆ ಬಳಿಯಿರಿ. ಇಪ್ಪತ್ತು ನಿಮಿಷದ ನಂತರ ಎರಡು ಮೂರು ನೀರಿನಲ್ಲಿ ತೊಳೆದು, ನೆರಳಿನಲ್ಲಿ ಎರಡು ದಿನ ಒಣಗಿಸಿ. ತೊಳೆಯದೆ ಉಜ್ಜಿದರೆ ಆ ಧೂಳು ಶ್ವಾಸಕ್ಕೆ ಕೆಡುಕು. ಕಬ್ಬಿಣದ ಮೊಳೆ, ಸ್ಕ್ರೂಗಳನ್ನು ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲಿಗೆ ಬದಲಾಯಿಸಿ, ಇಲ್ಲದಿದ್ದರೆ ಕಲೆ ಮರಳಿ ಬರುತ್ತದೆ.

ಹೊರಬಾಗಿಲಿಗೆ ಫ್ರೆಂಚ್ ಪಾಲಿಶ್ (ಅರಗಿನ ಪಾಲಿಶ್) ಬೇಡವೇ ಬೇಡ, ನೀರು ತಾಗಿದಲ್ಲಿ ಬೆಳ್ಳಗಾಗುತ್ತದೆ. ಹೊರಾಂಗಣಕ್ಕೆಂದೇ ತಯಾರಾದ, ಬಿಸಿಲು ತಡೆಯುವ ಪಿಯು (ಪಾಲಿಯುರೆಥೇನ್) ವಾರ್ನಿಷ್ ತನ್ನಿ. ಮೊದಲ ಕೋಟು ತೆಳು, ಮೇಲೆ ಇನ್ನೆರಡು. ನಡುವಿನ ಅಂತರ ಡಬ್ಬದ ಮೇಲಿದ್ದಂತೆ. ಕೊನೆಯದನ್ನು ಬಿಟ್ಟು ಪ್ರತಿ ಕೋಟು ಒಣಗಿದ ಮೇಲೆ 320 ನಂಬರಿನಿಂದ ಹಗುರವಾಗಿ ಉಜ್ಜಿ ಧೂಳು ಒರೆಸಿ.

ಬಾಗಿಲಿನ ತಲೆ ಮತ್ತು ಬುಡದ ಅಂಚಿಗೆ ಒಂದು ಕೋಟು ಹೆಚ್ಚೇ ಇರಲಿ. ಮರದ ಎಳೆಗಳು ಬಾಯಿ ತೆರೆದಿರುವುದು ಅಲ್ಲೇ, ಆಷಾಢದ ಎರಚಲು ಒಳಹೋಗುವುದೂ ಅಲ್ಲಿಂದಲೇ. ಕೀಲಿಗೆ ತೂಗಿದ ಮೇಲೆ ಬುಡಕ್ಕೆ ಬ್ರಶ್ ಹೋಗುವುದಿಲ್ಲ.